‘ಇದ್ದ ಹಾಗೇ’ ಎಂಬ ಮಾತು ಮರುಮುದ್ರಣಕ್ಕೆ ಸಲ್ಲದು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಸೂಪರ್‌ಹೀರೊ ಕಾಮಿಕ್ಸ್‌ಗಳ ಮರುಮುದ್ರಣ ಸರಣಿಗಳ ಬಗ್ಗೆ ಬಂದ ಲೇಖನ ಓದಿದೆ. ಶಾಲಾ ಗ್ರಂಥಾಲಯಗಳೂ ಇವನ್ನು ಕೊಳ್ಳಬೇಕೆಂಬ ಸಲಹೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ‘ಅರವತ್ತು ವರ್ಷದ ಹಿಂದಿನ ಸಂಚಿಕೆ ಇದ್ದ ಹಾಗೇ ಕೈಗೆ ಸಿಗುತ್ತದೆ’ ಎಂದು ಅದರಲ್ಲಿ ಬರೆದಿರುವ ಸಾಲನ್ನು ತಿದ್ದಲೇಬೇಕು. ಇದ್ದ ಹಾಗೇ ಯಾವುದೂ ಸಿಗುವುದಿಲ್ಲ. ಪ್ರತಿ ಮರುಮುದ್ರಣದಲ್ಲೂ ಗೆರೆ, ಬಣ್ಣ, ಕಾಗದ, ಕಟ್ಟು ಎಲ್ಲವನ್ನೂ ಯಾರೋ ಹೊಸದಾಗಿ ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಚೆನ್ನಾಗಿದ್ದರೆ ಪುಸ್ತಕ ಚೆನ್ನ, ಇಲ್ಲವಾದರೆ ದುಡ್ಡು ದಂಡ.

ಮಾರ್ವೆಲ್ ಮಾಸ್ಟರ್‌ವರ್ಕ್ಸ್ ಸರಣಿಯನ್ನೇ ನೋಡಿ. ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್ ತನ್ನ ಹಳೆಯ ಸಂಚಿಕೆಗಳನ್ನು ಪುಸ್ತಕವಾಗಿ ತರುವ ಈ ಸರಣಿ 1987ರಲ್ಲಿ ಶುರುವಾಯಿತು. ಮೊದಲ ಸಂಪುಟದಲ್ಲಿ 1962ರ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯ ಸ್ಪೈಡರ್‌ಮ್ಯಾನ್ ಕಥೆ, ಅದರ ಹಿಂದೆಯೇ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 1ರಿಂದ 10. ಎರಡನೆಯದರಲ್ಲಿ ‘ಫೆಂಟಾಸ್ಟಿಕ್ ಫೋರ್’ನ ಮೊದಲ ಹತ್ತು, ಮೂರನೆಯದರಲ್ಲಿ ‘ಎಕ್ಸ್-ಮೆನ್’ನ ಮೊದಲ ಹತ್ತು. ಇಂದು ಸಂಪುಟಗಳ ಎಣಿಕೆ 300 ದಾಟಿದೆ. ಇಷ್ಟು ದೊಡ್ಡ ಸರಣಿಯಲ್ಲೇ ಮೊದಲ ಕೆಲವು ಸಂಪುಟಗಳ ಗೆರೆ ಮತ್ತು ಬಣ್ಣವನ್ನು 2000ದ ನಂತರದ ಮುದ್ರಣಗಳಲ್ಲಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಹಾಗಾಗಿ ಒಂದೇ ಹೆಸರಿನ, ಒಂದೇ ಕಥೆಗಳ ಎರಡು ಮುದ್ರಣಗಳು ಎರಡು ಬೇರೆ ಪುಸ್ತಕಗಳೇ ಆಗಿರಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಮುದ್ರಣದ ವರ್ಷ. ರಟ್ಟಿನ ಅಂದ ಆಮೇಲೆ.

ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಮೂಲ ಸಂಚಿಕೆ ಹೇಗೆ ತಯಾರಾಗುತ್ತಿತ್ತು ಎಂಬುದು ಗೊತ್ತಿರಬೇಕು. ಕಲಾವಿದ ದೊಡ್ಡ ಹಾಳೆಯಲ್ಲಿ ಬರೆಯುತ್ತಿದ್ದ. 1967ರ ಸುಮಾರಿನವರೆಗೂ ಚಿತ್ರದ ಜಾಗ ಹನ್ನೆರಡೂವರೆ ಇಂಚು ಅಗಲ, ಹದಿನೆಂಟೂವರೆ ಇಂಚು ಎತ್ತರ. ಅಚ್ಚಿಗೆ ಹೋಗುವಾಗ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಆಮೇಲೆ ಹಾಳೆ ಚಿಕ್ಕದಾಗಿ, 10ಕ್ಕೆ 15 ಇಂಚಿಗೆ ಬಂತು. 1967ಕ್ಕೆ ಮುಂಚಿನ ಪುಟಗಳಲ್ಲಿ ಗೆರೆ ಹೆಚ್ಚು ಕುಗ್ಗಿರುತ್ತದೆ. ನಕಲಿನಿಂದ ನಕಲು ತೆಗೆದಾಗ ಮೊದಲು ಸಾಯುವುದೂ ಆ ಗೆರೆಗಳೇ. ಸ್ಪೈಡರ್‌ಮ್ಯಾನ್‌ನ ಮೊದಲ ಚಿತ್ರಕಾರ ಸ್ಟೀವ್ ಡಿಟ್ಕೊ ಬರೆದ ಬೆರಳುಗಳ ನೆರಳು, ಸ್ಪೈಡರ್‌ಮ್ಯಾನ್ ಅಂಗಿಯ ಮೇಲಿನ ಜೇಡನ ಬಲೆ ಇವುಗಳಲ್ಲಿ ಅದು ಕೂಡಲೇ ಕಾಣುತ್ತದೆ.

ಹಾಳೆಯ ಫೋಟೊ ತೆಗೆದು ಅಚ್ಚಿಗೆಂದು ಮಾಡಿದ ಕಪ್ಪು ಗೆರೆಯ ಫಿಲ್ಮ್ ಒಂದು ಕಡೆ. ಬಣ್ಣಕ್ಕೆ ಬೇರೆ ದಾರಿ. ಕುಗ್ಗಿಸಿದ ಫೋಟೊ ನಕಲಿನ ಮೇಲೆ ಬಣ್ಣಗಾರ ನೀರುಬಣ್ಣದಲ್ಲಿ ಸೂಚನೆ ಹಾಕಿ, ಪಕ್ಕದಲ್ಲಿ ಸಂಕೇತ ಬರೆಯುತ್ತಿದ್ದ. 1960ರ ದಶಕದ ಮಾರ್ವೆಲ್‌ನಲ್ಲಿ ಈ ಕೆಲಸದ ಬಹುಪಾಲು ಸ್ಟ್ಯಾನ್ ಗೋಲ್ಡ್‌ಬರ್ಗ್ ಅವರದು. ‘ವೈ2 ಆರ್2’ ಎಂದರೆ ಹಳದಿ ಶೇ 25, ಕೆಂಪು ಶೇ 25; ಅಂದರೆ ಆ ಜಾಗದ ಅಷ್ಟು ಪಾಲನ್ನು ಆ ಬಣ್ಣದ ಸಣ್ಣ ಚುಕ್ಕೆಗಳು ತುಂಬುತ್ತಿದ್ದವು. ಬಿಳಿಯರ ಮೈಬಣ್ಣಕ್ಕೆ ಅದೇ ಸಂಕೇತ. 3 ಎಂದು ಬರೆದರೆ ಶೇ 50. ಅಂಕಿ ಇಲ್ಲದಿದ್ದರೆ ಪೂರ್ತಿ ಬಣ್ಣ. ಹಳದಿ, ಕೆಂಪು, ನೀಲಿ ಒಂದೊಂದಕ್ಕೂ ಸೊನ್ನೆ, 25, 50, 100 ಎಂದು ನಾಲ್ಕೇ ಹಂತ. ನಾಲ್ಕು ನಾಲ್ಕಲ ಹದಿನಾರು, ಹದಿನಾರು ನಾಲ್ಕಲ ಅರವತ್ತನಾಲ್ಕು. ಇಡೀ ಸೂಪರ್‌ಹೀರೊ ಲೋಕ ಈ 64 ಬಣ್ಣಗಳಲ್ಲಿ ಮೂಡಿತು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಬಣ್ಣ ಬೇರ್ಪಡಿಸುವವರು ಆ ಸಂಕೇತ ನೋಡಿಕೊಂಡು ಕೈಯಿಂದಲೇ ಒಂದೊಂದು ಬಣ್ಣದ ಅಚ್ಚಿನ ಪ್ಲೇಟಿನ ಭಾಗಗಳನ್ನು ತುಂಬುತ್ತಿದ್ದರು. ಇಲಿನಾಯ್‌ನ ಸ್ಪಾರ್ಟಾ ಎಂಬ ಚಿಕ್ಕ ಊರಿನ ಮುದ್ರಣಾಲಯದಲ್ಲಿ ಅದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ಓಡುತ್ತಿತ್ತು. ಒಂದು ಬಣ್ಣದ ಪ್ಲೇಟು ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗಲ್ಲಕ್ಕೆ ಬಂದು ಕೂರುತ್ತಿತ್ತು.

ಮಾರ್ವೆಲ್‌ನ ದೈತ್ಯ ಪಾತ್ರ ಹಲ್ಕ್‌ನ ಸಂಗತಿ ಇದಕ್ಕೆ ಒಳ್ಳೆಯ ಉದಾಹರಣೆ. 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದು ಬಣ್ಣದವನು. ಬೂದು ಎಂದರೆ ಮೂರೂ ಬಣ್ಣಗಳ ತೆಳು ಚುಕ್ಕೆಗಳು ಸಮತೂಕದಲ್ಲಿ ಬೀಳಬೇಕು. ಆ ಯಂತ್ರ, ಆ ಕಾಗದದಲ್ಲಿ ಅದು ಪುಟದಿಂದ ಪುಟಕ್ಕೆ ಬೇರೆಯಾಗುತ್ತಾ ಹೋಯಿತು. ಎರಡನೇ ಸಂಚಿಕೆಯಿಂದ ಅವನನ್ನು ಹಸಿರು ಮಾಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ಸುಮಾರು ಎರಡು ದಶಕ ಆ ಮೊದಲ ಸಂಚಿಕೆಯನ್ನು ಮತ್ತೆ ಅಚ್ಚು ಹಾಕಿದಾಗೆಲ್ಲ ಅದರಲ್ಲೂ ಹಸಿರನ್ನೇ ಬಳಿದರು. ಆ ಮುದ್ರಣಗಳನ್ನು ಓದಿ ಬೆಳೆದವರಿಗೆ ಬೂದು ಹಲ್ಕ್ ಇದ್ದನೆಂಬುದೇ ಗೊತ್ತಿರಲಿಲ್ಲ. ‘ಇದ್ದ ಹಾಗೇ’ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಇನ್ನು ಮರುಮುದ್ರಣಕ್ಕೆ ಕೈಯಲ್ಲಿ ಏನು ಉಳಿದಿರುತ್ತದೆ? ಕಲಾವಿದ ಬರೆದ ಹಾಳೆಗಳು ಪ್ರಕಾಶಕರ ಬಳಿ ಇರುವುದು ಅಪರೂಪ. ಕೆಲವು ಕಳೆದವು, ಕೆಲವು ಕಳುವಾದವು, ಕೆಲವು ಕಲಾವಿದರಿಗೆ ಮರಳಿದವು. ಮಾರ್ವೆಲ್‌ಗಾಗಿ ಹತ್ತು ಸಾವಿರಕ್ಕೂ ಹೆಚ್ಚು ಪುಟ ಬರೆದ ಜ್ಯಾಕ್ ಕರ್ಬಿ ಅವರಿಗೆ ದೀರ್ಘ ಜಗ್ಗಾಟದ ನಂತರ 1987ರಲ್ಲಿ ಸಿಕ್ಕಿದ್ದು ಸುಮಾರು ಎರಡು ಸಾವಿರ ಹಾಳೆ. ಸ್ಪೈಡರ್‌ಮ್ಯಾನ್ ಹುಟ್ಟಿದ ಆ 15ನೇ ಸಂಚಿಕೆಯ 24 ಮೂಲ ಹಾಳೆಗಳನ್ನು 2008ರಲ್ಲಿ ಹೆಸರು ಹೇಳಬಯಸದ ಒಬ್ಬ ದಾನಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ಅಂಥ ಭಾಗ್ಯ ಎಲ್ಲ ಸಂಚಿಕೆಗಳಿಗೂ ಇಲ್ಲ.

ಉಳಿದದ್ದು ಫಿಲ್ಮ್. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1970ರ ದಶಕದಲ್ಲಿ ಮಾರ್ವೆಲ್ ತನ್ನದೇ ಹಳೆಯ ಕಥೆಗಳನ್ನು ‘ಮಾರ್ವೆಲ್ ಟೇಲ್ಸ್’ನಂಥ ಮಾಸಿಕಗಳಲ್ಲಿ ಮತ್ತೆ ಹಾಕುತ್ತಿತ್ತು. ಆಗ ಸಂಚಿಕೆಯ ಕಥೆಪುಟಗಳು ಕಡಿಮೆಯಾಗಿದ್ದವು. 20 ಪುಟದ ಕಥೆಯನ್ನು ಹದಿನೇಳು ಹದಿನೆಂಟಕ್ಕೆ ಇಳಿಸಲು ಪುಟಗಳನ್ನೇ ಕಿತ್ತರು, ಚೌಕಗಳನ್ನು ಜೋಡಿಸಿದರು, ಮಾತು ಬದಲಿಸಿದರು. ಆ ಕತ್ತರಿಸಿದ ಫಿಲ್ಮ್ ಆಧಾರವಾಗಿಟ್ಟುಕೊಂಡು ಪುಸ್ತಕ ಮಾಡಿದರೆ ಕತ್ತರಿಯ ಗುರುತು ಅದರಲ್ಲೂ ಬರುತ್ತದೆ. ಹಾಗಾಗಿ ಸಂಪಾದಕನಾದವನು ಫಿಲ್ಮನ್ನು ಮೊದಲ ಮುದ್ರಣದ ಸಂಚಿಕೆಯ ಪಕ್ಕದಲ್ಲಿಟ್ಟು ಚೌಕದಿಂದ ಚೌಕಕ್ಕೆ ತಾಳೆ ನೋಡಲೇಬೇಕು. 2000ದ ನಂತರ ಮಾಸ್ಟರ್‌ವರ್ಕ್ಸ್ ಸಂಪಾದಿಸಿದ ಕೋರಿ ಸೆಡ್ಲ್‌ಮೈಯರ್ ಅವರ ಕಾಲದ ಸಂಪುಟಗಳು ಹಳೆಯವಕ್ಕಿಂತ ಮೇಲಾಗಿರುವುದು ಈ ಬಗೆಯ ತಾಳ್ಮೆಯ ಕೆಲಸದಿಂದ ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲೂ ಇಂಥದ್ದು ನಡೆದಿದೆ. 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಶುರುಮಾಡಿದ ಇಂದ್ರಜಾಲ್ ಕಾಮಿಕ್ಸ್‌ನಲ್ಲಿ ಮುಖವಾಡದ ವೀರ ಫ್ಯಾಂಟಮ್‌ನ ಕಥೆಗಳು ಬಂದಾಗ ಮೂಲದ ‘ಬಂಗಾಲ’ ನಾಡು ‘ಡೆಂಕಾಲಿ’ ಆಯಿತು, ‘ಸಿಂಗ್’ ಕಡಲ್ಗಳ್ಳರು ‘ಸಿಂಗ’ ಆದರು. ದಿನಪತ್ರಿಕೆಯಲ್ಲಿ ಒಂದೇ ಸಾಲಿನ ಚಿತ್ರಪಟ್ಟಿಗೆಂದು ಬರೆದ ಚೌಕಗಳನ್ನು ಪುಸ್ತಕದ ಪುಟಕ್ಕೆ ಕೂರಿಸಲು ಕತ್ತರಿಸಿ ಜೋಡಿಸಬೇಕಾಯಿತು. ಹೆಸರು ಬದಲಿಸಿದ ಕಾರಣ ಅರ್ಥವಾಗುವಂಥದೇ. ಆದರೂ ಅಲ್ಲಿ ಓದಿದ್ದು ಮೂಲವಲ್ಲ.

ಫಿಲ್ಮೂ ಇಲ್ಲದಿದ್ದರೆ ಹಳೆಯ ಅಚ್ಚಾದ ಸಂಚಿಕೆಯಿಂದಲೇ ಗೆರೆ ತೆಗೆಯಬೇಕು. ಕಂಪ್ಯೂಟರ್ ಬರುವ ಮುಂಚೆ ಇದಕ್ಕೆ ಗ್ರೆಗ್ ಥೀಕ್‌ಸ್ಟನ್ ಎಂಬುವರು ಒಂದು ಕ್ರಮ ರೂಢಿಗೆ ತಂದರು. ಪುಟವನ್ನು ಬಿಡಿಸಿ ಬ್ಲೀಚಿನಂಥ ದ್ರಾವಣದಲ್ಲಿ ಅದ್ದಿದರೆ ಹಳದಿ, ಕೆಂಪು, ನೀಲಿ ಕರಗಿ ಹೋಗುತ್ತವೆ. ಕಪ್ಪು ಮಸಿಯಲ್ಲಿ ಇಂಗಾಲ ಇರುವುದರಿಂದ ಅದು ಉಳಿಯುತ್ತದೆ. ಅದನ್ನು ಒಣಗಿಸಿ ಫೋಟೊ ತೆಗೆದು, ಮುರಿದ ಗೆರೆಗಳನ್ನು ಕೈಯಿಂದ ತಿದ್ದುವುದು. ಕೆಲಸ ಮುಗಿಯುವಷ್ಟರಲ್ಲಿ ಆ ಪ್ರತಿಯೇ ಹಾಳು. ಒಂದು ಪುಸ್ತಕ ಉಳಿಸಲು ಒಂದು ಹಳೆಯ ಸಂಚಿಕೆಯ ಬಲಿ.

ಈಗಿನ ಕ್ರಮ ಪ್ರತಿಯನ್ನು ಕೊಲ್ಲುವುದಿಲ್ಲ. ಸಂಚಿಕೆಯ ಪಿನ್ನು ಬಿಚ್ಚಿ ಹಾಳೆ ಚಪ್ಪಟೆ ಮಾಡಿ ಕನಿಷ್ಠ 600 ಡಿಪಿಐಗೆ (ಇಂಚಿಗೆ ಇಷ್ಟು ಬಿಂದು ಎಂಬ ಅಳತೆ) ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು. ಹಿಂದಿನ ಪುಟದ ಚಿತ್ರ ಈಚೆ ಕಾಣದಂತೆ ಹಾಳೆಯ ಹಿಂದೆ ಕಪ್ಪು ಕಾಗದ ಇಡಬೇಕು. ಇದನ್ನು ಮರೆತು ಆಮೇಲೆ ವಾರಗಟ್ಟಲೆ ಕೂತು ಅಳಿಸುವವರಿದ್ದಾರೆ. ನಂತರ ಬಣ್ಣಗಳನ್ನು ಕಳೆದು ಕಪ್ಪನ್ನಷ್ಟೇ ಬೇರೆಮಾಡಿ, ಅದನ್ನು 1200 ಡಿಪಿಐಗೆ ಏರಿಸಿ ಅಪ್ಪಟ ಕಪ್ಪು-ಬಿಳುಪು ಮಾಡುವುದು. ಹಳದಿ ಸುಲಭವಾಗಿ ಹೋಗುತ್ತದೆ. ಗಾಢ ನೀಲಿ ಮತ್ತು ನೇರಳೆ ಹೋಗುವುದಿಲ್ಲ, ಕಪ್ಪಿಗೆ ಅಂಟಿಕೊಂಡೇ ಬರುತ್ತವೆ. ರಾತ್ರಿಯ ದೃಶ್ಯಗಳಲ್ಲಿ ಹೆಚ್ಚು ತಪ್ಪಾಗುವುದು ಇದರಿಂದ. ಎಷ್ಟು ಕಪ್ಪಾದರೆ ಕಪ್ಪು ಎಂದು ಯಂತ್ರಕ್ಕೆ ಹೇಳುವ ಮಿತಿಯಲ್ಲೇ ಇಡೀ ಕಸುಬಿದೆ. ಮಿತಿ ಬಿಗಿಯಾದರೆ ಕೂದಲೆಳೆಯ ಗೆರೆ ಮಾಯ, ಸಡಿಲವಾದರೆ ಗೆರೆಗೆರೆಯ ನಡುವಿನ ಬಿಳಿ ತುಂಬಿ ಮಸಿ ಮೆತ್ತಿದಂತಾಗುತ್ತದೆ. ಇಡೀ ಪುಟಕ್ಕೆ ಒಂದೇ ಮಿತಿ ಇಟ್ಟು ಮುಗಿಸುವುದು ಸೋಮಾರಿತನ. ಮುಖಕ್ಕೊಂದು, ಹಿನ್ನೆಲೆಗೊಂದು, ಅಕ್ಷರಕ್ಕೊಂದು ಬೇಕು. ಚುಕ್ಕೆಗಳಿರುವ ಚಿತ್ರವನ್ನು ಚುಕ್ಕೆಗಳ ಸಮೇತ ಸ್ಕ್ಯಾನ್ ಮಾಡಿ ಮತ್ತೆ ಚುಕ್ಕೆಯಲ್ಲಿ ಅಚ್ಚು ಹಾಕಿದರೆ ಚಾಪೆ ಹೆಣೆದಂಥ ಅಲೆಗಳು ಏಳುತ್ತವೆ. 1960ರ ದಶಕದಲ್ಲಿ ಕರ್ಬಿ ಫೋಟೊ ತುಣುಕುಗಳನ್ನು ಅಂಟಿಸಿ ಮಾಡಿದ ಪುಟಗಳನ್ನು ಮರುಮುದ್ರಣಗಳಲ್ಲಿ ಮೊದಲು ತೆರೆದು ನೋಡಬೇಕಾದದ್ದು ಇದಕ್ಕೇ.

ಬಣ್ಣದ ವಿಷಯದಲ್ಲಿ ಜಗಳ ಹೆಚ್ಚು. ನ್ಯೂಸ್‌ಪ್ರಿಂಟ್ ಮಸಿಯನ್ನು ಹೀರುತ್ತದೆ, ಚುಕ್ಕೆ ಹರಡುತ್ತದೆ, ಕಾಗದದ ಬಿಳಿಯೂ ಅಪ್ಪಟ ಬಿಳಿಯಲ್ಲ. ಅಂದಿನ ಬಣ್ಣಗಾರ ಇದನ್ನೆಲ್ಲ ಲೆಕ್ಕ ಹಾಕಿಯೇ ಕಡು ಬಣ್ಣ ಹೇಳುತ್ತಿದ್ದ. ಅದೇ ಶೇಕಡಾ ಅಂಕಿಯನ್ನು ಹೊಳೆಯುವ ಆರ್ಟ್ ಪೇಪರಿಗೆ ತಂದರೆ ಕೆಂಪು ಕಣ್ಣಿಗೆ ಚುಚ್ಚುತ್ತದೆ, ಹಳದಿ ಅರಚುತ್ತದೆ. ಅಂಕಿ ಮೂಲದ್ದೇ ಆದರೂ ಕಾಣುವುದು ಮೂಲದಂತಿರುವುದಿಲ್ಲ. ಎರಡೇ ದಾರಿ: ಅಂಕಿ ತಗ್ಗಿಸಬೇಕು, ಇಲ್ಲವೇ ಹೊಳಪಿಲ್ಲದ ಕಾಗದ ಬಳಸಬೇಕು. ನನ್ನ ಮತ ಹೊಳಪಿಲ್ಲದ ಕಾಗದಕ್ಕೆ. ಇವೆರಡನ್ನೂ ಬಿಟ್ಟು, 64 ಬಣ್ಣದ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ನೆರಳು-ಬೆಳಕಿನ ಇಳಿಬಣ್ಣ ಹಾಕಿ ‘ಹೊಸದು’ ಮಾಡುವ ಚಾಳಿಯೊಂದಿದೆ. ಅದನ್ನು ಒಪ್ಪಲಾಗದು. ನೆರಳನ್ನು ಮಸಿಯ ಗೆರೆಯಲ್ಲೇ ಬರೆದಾಗಿದೆ. ಅದರ ಮೇಲೆ ಮತ್ತೊಂದು ನೆರಳು ಹಾಕಿದರೆ ಎರಡೂ ಕೆಡುತ್ತವೆ.

2021ರಲ್ಲಿ ತಾಶನ್ ಪ್ರಕಾಶನ ಬೇರೆ ದಾರಿ ಹಿಡಿಯಿತು. ಚೆನ್ನಾಗಿ ಉಳಿದ ಹಳೆಯ ಸಂಚಿಕೆಗಳ ಫೋಟೊ ತೆಗೆದು, ಚುಕ್ಕೆಗಳನ್ನು ಉಳಿಸಿ, ಮುದ್ರಣದ ದೋಷವನ್ನಷ್ಟೇ ತಿದ್ದಿ, 28ಕ್ಕೆ 39.5 ಸೆಂಟಿಮೀಟರ್ ಗಾತ್ರದಲ್ಲಿ ಸ್ಪೈಡರ್‌ಮ್ಯಾನ್ ಸಂಪುಟ ತಂದಿತು. ಕಾಗದದ ಮಾಸಲು ಬಣ್ಣವೂ ಅದರಲ್ಲಿ ಕಾಣುತ್ತದೆ. ಮೂಲಕ್ಕೆ ಹತ್ತಿರ ಹೋಗಬೇಕೆನ್ನುವವರಿಗೆ ಇದು ಸರಿ. ಆದರೆ ಮಕ್ಕಳ ಮಡಿಲಲ್ಲಿ ಇಟ್ಟು ಓದಿಸುವ ಗಾತ್ರವಲ್ಲ.

ಮಾತಿನ ತಪ್ಪುಗಳನ್ನು ತಿದ್ದಬೇಕೇ ಎಂಬುದು ಇನ್ನೊಂದು ಪ್ರಶ್ನೆ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಮೊದಲ ಸಂಚಿಕೆಯಲ್ಲಿ ಪೀಟರ್ ಪಾರ್ಕರ್ ಒಂದು ಕಡೆ ‘ಪೀಟರ್ ಪಾಮರ್’ ಆಗಿದ್ದಾನೆ. 1964ರ ‘ಫೆಂಟಾಸ್ಟಿಕ್ ಫೋರ್’ 25ರಲ್ಲಿ ಹಲ್ಕ್‌ನ ಮನುಷ್ಯರೂಪ ಬ್ರೂಸ್ ಬ್ಯಾನರ್ ಹೋಗಿ ‘ಬಾಬ್ ಬ್ಯಾನರ್’ ಬಂದಿದ್ದಾನೆ. ಓದುಗರು ಹಿಡಿದು ಕೇಳಿದರು. 28ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಕಥೆಗಾರ ಮತ್ತು ಸಂಪಾದಕ ಸ್ಟ್ಯಾನ್ ಲೀ, ಅವನ ಪೂರ್ಣ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ಉತ್ತರ ಕೊಟ್ಟರು. ಇಂದಿಗೂ ಅವನ ಹೆಸರು ಅದೇ. ಅಂದರೆ ಒಂದು ಪಾತ್ರದ ಹೆಸರೇ ಓದುಗರ ಪತ್ರದಿಂದ ನೆಲೆಯಾಯಿತು. ಆ ‘ಬಾಬ್’ ಎಂಬುದನ್ನು ಮರುಮುದ್ರಣದಲ್ಲಿ ಸದ್ದಿಲ್ಲದೆ ತಿದ್ದಿದರೆ ಈ ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ. ಮಾಸ್ಟರ್‌ವರ್ಕ್ಸ್‌ನಲ್ಲಿ ಸಾಮಾನ್ಯವಾಗಿ ಪತ್ರಗಳ ಪುಟ ಇರುವುದಿಲ್ಲ. 2005ರಲ್ಲಿ ಶುರುವಾದ ಆಮ್ನಿಬಸ್ ಎಂಬ, ಹೆಚ್ಚು ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ದಪ್ಪ ಸಂಪುಟಗಳಲ್ಲಿ ಹಲವಕ್ಕೆ ಇದೆ. ಪತ್ರಿಕೆಯ ಓದುಗರ ಅಂಕಣಕ್ಕೆ ಬರೆಯುತ್ತಿರುವ ನನಗೆ ಇದು ಸಣ್ಣ ವಿಷಯವೆಂದು ತೋರುವುದಿಲ್ಲ.

ಜಾಹೀರಾತು ತೆಗೆದಾಗಲೂ ಒಂದು ತೊಡಕಿದೆ. 32 ಪುಟದ ಸಂಚಿಕೆಯಲ್ಲಿ ಕಥೆ ಇಪ್ಪತ್ತು ಚಿಲ್ಲರೆ ಪುಟ. ಜಾಹೀರಾತು ಹೋದ ಕೂಡಲೇ ಎಡಬಲ ಪುಟಗಳು ಅದಲುಬದಲಾಗುತ್ತವೆ. ಎರಡು ಪುಟಕ್ಕೆ ಹರಡಿದ ಚಿತ್ರವಿದ್ದರೆ ಅದು ಎದುರುಬದುರು ಬರಲೇಬೇಕು. ಒಂದು ಪುಟ ಹೆಚ್ಚುಕಡಿಮೆಯಾದರೆ ಅರ್ಧ ಚಿತ್ರ ಹಾಳೆಯ ಹಿಂದಕ್ಕೆ ಹೋಗುತ್ತದೆ. ನಡುವೆ ಒಂದು ರಕ್ಷಾಪುಟವನ್ನೋ ಖಾಲಿ ಪುಟವನ್ನೋ ಸೇರಿಸಿ ಸರಿಪಡಿಸಿದ್ದಾರೆಯೇ ನೋಡಿ.

ಯಾವ ಸರಣಿ ಕೊಳ್ಳಬೇಕು ಎಂದರೆ, 1996ರಲ್ಲಿ ಬಂದ ‘ಎಸೆನ್ಷಿಯಲ್’ ಸರಣಿ ಕಪ್ಪು-ಬಿಳುಪು, ಅಗ್ಗದ ಕಾಗದ, ಸುಮಾರು 500 ಪುಟ. ಅದನ್ನು ಕೀಳಾಗಿ ಕಾಣುವವರಿದ್ದಾರೆ. ಆದರೆ ಚಿತ್ರ ಕಲಿಯುವ ಮಕ್ಕಳಿಗೆ ಅದರಷ್ಟು ಒಳ್ಳೆಯದಿಲ್ಲ, ಮಸಿಯ ಗೆರೆ ಬಣ್ಣದ ಮರೆಯಿಲ್ಲದೆ ಕಾಣುತ್ತದೆ. ಈಗ ಹೊಸ ಸಂಪುಟಗಳು ಬರುತ್ತಿಲ್ಲವಾದ್ದರಿಂದ ಹಳೆ ಪುಸ್ತಕದಂಗಡಿಯಲ್ಲೇ ಹುಡುಕಬೇಕು. 2013ರಲ್ಲಿ ಶುರುವಾದ ‘ಎಪಿಕ್ ಕಲೆಕ್ಷನ್’ ತೆಳು ರಟ್ಟಿನದು, ಬಣ್ಣದ್ದು, ನಾಲ್ಕೈದು ನೂರು ಪುಟದ್ದು. ಸಂಪುಟಗಳು ಸಂಖ್ಯೆಯ ಕ್ರಮದಲ್ಲಿ ಬರುವುದಿಲ್ಲ; 1 ಆದ ಮೇಲೆ 17 ಬಂದರೆ ನಡುವಿನವು ಕಳೆದಿವೆಯೆಂದು ಗ್ರಂಥಪಾಲಕರು ಗಾಬರಿಯಾಗಬೇಕಿಲ್ಲ. 2021ರ ‘ಮೈಟಿ ಮಾರ್ವೆಲ್ ಮಾಸ್ಟರ್‌ವರ್ಕ್ಸ್’ 6ಕ್ಕೆ 9 ಇಂಚಿನದು, ಮಕ್ಕಳ ಕೈಗೆ ಹಿತ. ಆದರೆ 7 ಇಂಚು ಅಗಲದ ಪುಟ 6ಕ್ಕೆ ಇಳಿದಾಗ ಅಕ್ಷರವೂ ಏಳನೇ ಒಂದು ಪಾಲು ಕುಗ್ಗುತ್ತದೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಓದಲು ಆಗಷ್ಟೇ ಕಲಿಯುತ್ತಿರುವ ಮಗುವಿಗೆ ಅದು ಕಷ್ಟವೇ.

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳ ಡಿಸಿ ಕಂಪನಿಯೂ ಇಂಥದೇ ಸರಣಿ ತಂದಿತ್ತು; ಅದರ ‘ಆರ್ಕೈವ್ ಎಡಿಷನ್ಸ್’ 1989ರಿಂದ 2014ರವರೆಗೆ ಬಂದು ನಿಂತಿತು.

ಕೆಲವು ಕಥೆಗಳು ಎಷ್ಟು ಕಾದರೂ ಬರದಿರಲು ಹಕ್ಕುಗಳ ತಕರಾರು ಕಾರಣ. ಮಾರ್ವೆಲ್‌ನ ಕುಂಗ್ ಫೂ ವೀರ ಶಾಂಗ್-ಚಿಯ ‘ಮಾಸ್ಟರ್ ಆಫ್ ಕುಂಗ್ ಫೂ’ ಕಥೆಗಳಲ್ಲಿ ಹೊರಗಿನಿಂದ ಎರವಲು ತಂದ ಫೂ ಮಾಂಚು ಪಾತ್ರ ಇದ್ದುದರಿಂದ 2016ರವರೆಗೂ ಅವು ಒಟ್ಟಾಗಿ ಬರಲಿಲ್ಲ.

ನಮ್ಮ ಹವೆಯಲ್ಲಿ ಕಟ್ಟಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಪುಸ್ತಕದ ಬೆನ್ನನ್ನು ಮೇಲಿಂದ ನೋಡಿದರೆ ಫಾರಂಗಳ (ಮಡಿಸಿದ ಹಾಳೆಗಳ ಕಂತೆ) ಮಡಿಕೆ ಬೇರೆ ಬೇರೆಯಾಗಿ ಕಂಡರೆ ಹೊಲಿಗೆ ಕಟ್ಟು ಇರುವ ಸಂಭವ ಹೆಚ್ಚು. ಫಾರಂನ ನಡುಪುಟ ತೆರೆದು ದಾರ ಕಂಡರೆ ಖಚಿತ. ಮಟ್ಟಸವಾಗಿ ಒಂದೇ ಹಲಗೆಯಂತಿದ್ದರೆ ಅದು ಅಂಟು. ಅಂಟಿನದು ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಒಣಗಿ ಸೀಳುತ್ತದೆ. ಒಂದು ಸಾವಿರ ಪುಟದ ಆಮ್ನಿಬಸ್ ಹೊಲಿಗೆಯದೇ ಆದರೂ ಅದರ ತೂಕವೇ ಅದಕ್ಕೆ ಶತ್ರು. ಕಪಾಟಿನಲ್ಲಿ ಓರೆಯಾಗಿ ಒರಗಿಸಿದರೆ ಪುಟಗಳ ಕಟ್ಟು ರಟ್ಟಿನಿಂದ ಜೋತು ಬೀಳುತ್ತದೆ. ನೇರ ನಿಲ್ಲಿಸಿ ಎರಡೂ ಬದಿ ಆಸರೆ ಕೊಡಬೇಕು, ಇಲ್ಲವೇ ಮಲಗಿಸಿಡಬೇಕು, ಆಗಲೂ ಎರಡಕ್ಕಿಂತ ಹೆಚ್ಚು ಒಂದರ ಮೇಲೊಂದು ಬೇಡ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಆರ್ಟ್ ಪೇಪರಿನ ಮೇಲಿನ ಲೇಪ ತೇವ ಹೀರಿ ಪುಟಕ್ಕೆ ಪುಟ ಅಂಟುತ್ತದೆ; ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ಗೋಡೆಯಿಂದ ಎರಡು ಬೆರಳಾದರೂ ಬಿಟ್ಟು ಕಪಾಟು ಇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಪುಟ ಬಿಡಿಸಿ ಗಾಳಿಯಾಡಿಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಅದನ್ನು ಆಗಾಗ ಒಣಗಿಸಿ. ಬಿಸಿಲಿಗೆ ಮಾತ್ರ ಹಾಕಬೇಡಿ, ರಟ್ಟು ಬಾಗುತ್ತದೆ.

ಕನ್ನಡದಲ್ಲಿ ಇಂಥ ಸರಣಿ ತರಬೇಕೆಂಬ ಆಸೆಯನ್ನೂ ಲೇಖನ ವ್ಯಕ್ತಪಡಿಸಿದೆ. ಅದು ಆಗಬೇಕಾದ ಕೆಲಸ. ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಿನ್ನರ ಕಥೆಗಳ ಅನುವಾದವೇ ಆಗಿದ್ದವು, ‘ಕೃಷ್ಣ’ ಬಂದದ್ದು 11ನೆಯದಾಗಿ. ಅನುವಾದದ ಚಿತ್ರಕಥೆ ನಮಗೆ ಹೊಸದಲ್ಲ. ತರುವವರು ಹಕ್ಕು ಕೊಳ್ಳುವಾಗಲೇ ಅಕ್ಷರ ಬೇರೆ, ಚಿತ್ರ ಬೇರೆ ಪದರದಲ್ಲಿರುವ ಕಡತ ಕೇಳಬೇಕು. ಇಲ್ಲದಿದ್ದರೆ ಮಾತಿನ ಗುಳ್ಳೆಯಲ್ಲಿ ಇಂಗ್ಲಿಷ್ ಅಳಿಸುವಾಗ ಗುಳ್ಳೆಯ ಅಂಚೂ ಅಳಿಯುತ್ತದೆ. ಇಂಗ್ಲಿಷ್ ಕಾಮಿಕ್ಸ್ ಪೂರ್ತಿ ದೊಡ್ಡಕ್ಷರ, ಸಾಲಿಗೆ ಸಾಲು ಒತ್ತಿ ಕೂರುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ಶಸ್ತ್ರ’, ‘ರಾಷ್ಟ್ರ’ದಂಥ ಪದ ಬಂದರೆ ಕೆಳಗಿನ ಸಾಲಿಗೆ ತಾಗುತ್ತದೆ. ಹಾಗಾಗಿ ಇಂಗ್ಲಿಷಿನ ಐದು ಸಾಲಿನ ಜಾಗದಲ್ಲಿ ಕನ್ನಡ ನಾಲ್ಕೇ ಸಾಲು ಎಂದು ಮೊದಲೇ ಒಪ್ಪಿಕೊಂಡು ಅನುವಾದಿಸಬೇಕು. ಅಕ್ಷರ ಕುಗ್ಗಿಸಿ ತುರುಕುವುದಲ್ಲ, ಮಾತು ಕಡಿಮೆ ಮಾಡುವುದು. ಢಂ, ಠಣ್, ಧಡಾರ್‌ನಂಥ ಸದ್ದುಗಳು ಚಿತ್ರದ ಭಾಗವಾಗಿ ಬರೆದಿರುತ್ತವೆ, ಅವಕ್ಕೆ ಫಾಂಟ್ ಸಾಲದು, ಕೈಬರಹದ ಕಲಾವಿದ ಬೇಕು. ಮತ್ತೊಂದು ಬೇಡಿಕೆ: ನಮ್ಮದೇ ಹಳೆಯ ಮಕ್ಕಳ ಚಿತ್ರಕಥೆಗಳ ಬ್ರೋಮೈಡ್, ಪಾಸಿಟಿವ್‌ಗಳು (ಅಚ್ಚಿಗೆಂದು ತೆಗೆದ ಫೋಟೊ ಕಾಗದ ಮತ್ತು ಫಿಲ್ಮ್) ಯಾವುದಾದರೂ ಮುದ್ರಣಾಲಯದ ಅಟ್ಟದಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕುವ ಮುಂಚೆ ಒಮ್ಮೆ ಸ್ಕ್ಯಾನ್ ಮಾಡಿಸಿ. ಅಚ್ಚಾದ ಪುಟದಿಂದ ಗೆರೆ ತೆಗೆಯುವ ಪಾಡು ಮೇಲೆ ಹೇಳಿದ್ದೇನೆ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಪುಸ್ತಕ ಪರಿಚಯದ ಕೊನೆಯಲ್ಲಿ ಪುಟ ಮತ್ತು ಬೆಲೆ ಅಚ್ಚಾಗುತ್ತದೆ. ಮರುಮುದ್ರಣವಾದರೆ ಇನ್ನೂ ಮೂರು ಸಂಗತಿ ಅಲ್ಲೇ ಸೇರಿಸಿ: ಯಾವ ವರ್ಷದ ಮುದ್ರಣ, ಕಾಗದ ಹೊಳಪಿನದೋ ಅಲ್ಲವೋ, ಕಟ್ಟು ಹೊಲಿಗೆಯದೋ ಅಂಟಿನದೋ. ಒಂದೇ ಸಾಲು ಸಾಕು.

ಇತಿ,
ಚಿತ್ರಕಥೆಗಳ ಓದುಗ
ಮೈಸೂರು